ದಿಂಬು ಇಡುವ ಕೆಲಸ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಆಡಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. "ನ್ಯೂರೋ ಓಟಿಗೆ, ಮೆದುಳಿನ ಆಪರೇಷನ್ ಥಿಯೇಟರಿಗೆ ಹಾಕಿದ್ದಾರಮ್ಮ. ಆದರೆ ಕಲಿಯೋಕೆ ಏನೂ ಇಲ್ಲ. ಬರೀ ದಿಂಬು ಇಡೋದು, ಪೇಷೆಂಟ್ ಕೈಕಾಲು ಹಿಡಿದುಕೊಳ್ಳೋದು" ಎಂದೆ. ದನಿಯಲ್ಲಿ ಬೇಜಾರಿತ್ತು. ನಾನು ಡ್ಯೂಟಿಗೆ ಹೊರಟಿದ್ದೆ, ಅಷ್ಟರಲ್ಲಿ ಬಸ್ಸೂ ಬಂತು. ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಈ ಕಾಗದ.

ಓಟಿಯಲ್ಲಿ ನಾನು 26 ವರ್ಷ ಕಳೆದಿದ್ದೇನೆ. ಮೆದುಳಿನ ಆಪರೇಷನ್ ಅರ್ಧ ಗೆಲ್ಲೋದು ಚಾಕು ಹಿಡಿಯುವ ಮೊದಲೇ, ಪೇಷೆಂಟನ್ನು ಮಲಗಿಸುವಾಗಲೇ ಅಂತ ನಾನು ಕಣ್ಣಾರೆ ಕಂಡು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸಮಾಧಾನವಾಗಿ ಓದು.

ಮೆದುಳು ತೂಗಿದರೆ ಹೆಚ್ಚೂಕಡಿಮೆ 1.4 ಕಿಲೋ. ಮೈತೂಕದಲ್ಲಿ 50ಕ್ಕೆ ಒಂದು ಪಾಲು. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ 100ಕ್ಕೆ 15 ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಮುಕ್ಕಾಲು ಲೀಟರ್ ಹತ್ತಿರ. ಅಷ್ಟು ರಕ್ತ ಒಳಗೆ ಬಂದರೆ ಅಷ್ಟೇ ರಕ್ತ ಹೊರಗೂ ಹೋಗಬೇಕು, ಅಲ್ವಾ? ಬರುವುದನ್ನು ಎಲ್ಲರೂ ನೋಡುತ್ತಾರೆ. ಹೋಗುವುದನ್ನು ನೋಡುವವರು ಕಡಿಮೆ.

ಮಳವಳ್ಳಿ ಕಡೆಯ ತಾತನ ಗದ್ದೆ ನೆನಪಿದೆಯಾ? ವಿ.ಸಿ. ನಾಲೆಯ ಕೊನೆಯಲ್ಲಿರುವ ಗದ್ದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಅಂತ ಪೇಪರಿನಲ್ಲಿ ಬಂದ ದಿನ ಊರಿಗೆ ಊರೇ ಖುಷಿ ಪಡುತ್ತಿತ್ತು. ತಾತ ಮಾತ್ರ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋಗಿ ನಮ್ಮ ತೂಬಿನ ಹತ್ತಿರ ನಿಲ್ಲುತ್ತಿದ್ದರು. ಕಟ್ಟೆಯಲ್ಲಿ ಎಷ್ಟಿದೆ ಅನ್ನೋದು ಬೇರೆ, ನಮ್ಮ ಗದ್ದೆಗೆ ಎಷ್ಟು ಬಂತು ಅನ್ನೋದು ಬೇರೆ. ಇನ್ನೊಂದನ್ನೂ ನೋಡುತ್ತಿದ್ದರು, ಬಸಿಗಾಲುವೆ. ಅದರಲ್ಲಿ ಹೂಳು ತುಂಬಿದರೆ ನೀರು ಹೊರಗೆ ಹೋಗದೆ ಪೈರು ನಿಂತಲ್ಲೇ ಕೊಳೆಯುತ್ತದೆ. ನಿನ್ನ ಕೆಲಸವೂ ಇವೆರಡೇ ಕಣೇ, ತೂಬು ಮತ್ತು ಬಸಿಗಾಲುವೆ.

ಮೊದಲು ಬಸಿಗಾಲುವೆ. ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮೆದುಳು, ರಕ್ತ, ಮೆದುಳಿನ ನೀರು, ಈ ಮೂರೇ ಇರೋದು. ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಇಲ್ಲದಿದ್ದರೆ ಒತ್ತಡ ಏರುತ್ತದೆ. ಸ್ಕಾಟ್ಲೆಂಡಿನ ಮನ್ರೋ 1783ರಲ್ಲಿ, ಕೆಲ್ಲಿ 1824ರಲ್ಲಿ ಇದರ ಬಗ್ಗೆ ಬರೆದರು. ಮನ್ರೋ–ಕೆಲ್ಲಿ ಅಂತ ನಿನ್ನ ಪುಸ್ತಕದಲ್ಲೂ ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟುಬಿಡಬೇಡ. ಮೆದುಳಿನ ಕೆಟ್ಟ ರಕ್ತ ಕತ್ತಿನ ಎರಡೂ ಕಡೆಯ ಜುಗುಲಾರ್ ರಕ್ತನಾಳದಲ್ಲಿ ಇಳಿದು ಬರುತ್ತದೆ. ಅದರ ಗೋಡೆ ಮೆತ್ತಗೆ. ಕತ್ತನ್ನು ಜಾಸ್ತಿ ತಿರುಚಿದರೆ ಮುಚ್ಚಿಕೊಳ್ಳುತ್ತದೆ, ಗದ್ದವನ್ನು ಎದೆಗೆ ಒತ್ತಿದರೂ ಮುಚ್ಚಿಕೊಳ್ಳುತ್ತದೆ. ರಕ್ತ ಮೇಲೆಯೇ ನಿಂತು ಮೆದುಳು ಊದುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ನೀನು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ನಮ್ಮ ಓಟಿಗೆ ಒಬ್ಬ ರೈತರು ಬಂದಿದ್ದರು, ಬಲಗಡೆ ಗಡ್ಡೆ. ಉಸಿರಿನ ಟ್ಯೂಬು ಜಾರಬಾರದು ಅಂತ ನಾನು ಬ್ಯಾಂಡೇಜ್ ಪಟ್ಟಿಯನ್ನು ಕತ್ತಿನ ಸುತ್ತ ತಂದು ಗಂಟು ಹಾಕಿದೆ. ಗಂಟು ಹಾಕುವಾಗ ಸಡಿಲವಾಗಿಯೇ ಇತ್ತು. ಆಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು, ಮೇಲೆ ಹಸಿರು ಬಟ್ಟೆ ಬಿತ್ತು. ಮೂಳೆ ತೆಗೆದು, ಮೆದುಳಿನ ಮೇಲಿನ ಗಟ್ಟಿ ಪೊರೆ ಡ್ಯೂರಾ ಬಿಡಿಸಿದಾಗ ಸರ್ಜನ್ ಕೈ ನಿಂತಿತು. "ಬ್ರೈನ್ ಟೈಟ್ ಇದೆ" ಎಂದರು. ಮಾಮೂಲಿಯಾಗಿ ಮೆದುಳು ನಾಡಿಯ ಜೊತೆ ಮೆಲ್ಲಗೆ ಏರಿಳಿಯುತ್ತದೆ. ಅವತ್ತು ಏರಿಳಿತವೇ ಇರಲಿಲ್ಲ. ಹಿಟ್ಟು ಉಕ್ಕಿದ ಹಾಗೆ ಅಂಚಿಗೆ ಬಂದು ಒತ್ತುತ್ತಿತ್ತು. ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಆಗಲೇ ಕೊಟ್ಟಾಗಿತ್ತು. ಕಾರ್ಬನ್ ಡೈಆಕ್ಸೈಡ್ ಸರಿಯಿತ್ತು, ಬಿಪಿ ಸರಿಯಿತ್ತು. ಅರಿವಳಿಕೆ ಡಾಕ್ಟರು ಟಾರ್ಚ್ ಹಿಡಿದು ಬಟ್ಟೆಯ ಕೆಳಗೆ ಬಗ್ಗಿದರು. ನಾನು ಕಟ್ಟಿದ ಪಟ್ಟಿ ಕತ್ತಿನ ಚರ್ಮದೊಳಗೆ ಹೂತುಹೋಗಿತ್ತು. ಕತ್ತು ತಿರುಗಿದ ಮೇಲೆ ಬಿಗಿಯಾಗಿತ್ತು. ಕತ್ತರಿಯಿಂದ ಕತ್ತರಿಸಿದರು. ಕೆಲವೇ ನಿಮಿಷದಲ್ಲಿ ಮೆದುಳು ತಗ್ಗಿತು, ಮತ್ತೆ ಮಿಡಿಯತೊಡಗಿತು.

ಆ ರೈತರು ಹತ್ತು ದಿನದ ಮೇಲೆ ನಡೆದುಕೊಂಡೇ ಮನೆಗೆ ಹೋದರು. ನನ್ನನ್ನು ಯಾರೂ ಬಯ್ಯಲಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೂ ನಾನು ಕತ್ತಿನ ಸುತ್ತ ಪಟ್ಟಿ ಕಟ್ಟಿಲ್ಲ. ಕೆನ್ನೆಗೆ ಪ್ಲಾಸ್ಟರ್ ಅಂಟಿಸುತ್ತೇನೆ. ನೀನೂ ಹಾಗೇ ಮಾಡು.

ಗದ್ದಕ್ಕೂ ಎದೆಯ ಮೂಳೆಗೂ ನಡುವೆ ಎರಡು ಬೆರಳು ಆಡಬೇಕು. ಕಣ್ಣಳತೆ ನಂಬಬೇಡ, ಬೆರಳು ಇಟ್ಟೇ ನೋಡು. ತಲೆಯನ್ನು ಎಡಕ್ಕೆ ತಿರುಗಿಸಬೇಕಾದರೆ ಬಲ ಭುಜದ ಕೆಳಗೆ ದಿಂಬು ಕೊಡು. ಆಗ ಮೈಯೂ ಒಂದಿಷ್ಟು ತಿರುಗುತ್ತದೆ, ಪೂರಾ ತಿರುವು ಕತ್ತಿನ ಮೇಲೆ ಬೀಳುವುದಿಲ್ಲ. "ಬರೀ ದಿಂಬು" ಎಂದೆಯಲ್ಲ, ಆ ದಿಂಬು ಇದು. ತಲೆಯ ಕಡೆ 15ರಿಂದ 30 ಡಿಗ್ರಿ ಎತ್ತಿದರೆ ಬಸಿಯುವುದು ಇನ್ನೂ ಸಲೀಸು.

ಹಾಗಾದರೆ ಇನ್ನೂ ಎತ್ತೋಣ ಅಂತ ಅನಿಸಬಹುದು. ಅಲ್ಲಿ ತೂಬಿನ ಲೆಕ್ಕ ಬರುತ್ತದೆ. ಎತ್ತರದ ಗದ್ದೆಗೆ ನೀರು ಏರುವುದು ಕಷ್ಟ. ಹೃದಯದಿಂದ ಮೇಲಕ್ಕೆ ಹೋದಂತೆ ಪ್ರತಿ ಸೆಂಟಿಮೀಟರಿಗೆ ರಕ್ತದೊತ್ತಡ ಪಾದರಸದ ಲೆಕ್ಕದಲ್ಲಿ 0.77 ಮಿ.ಮೀ. ಕಡಿಮೆಯಾಗುತ್ತದೆ. ಮೆದುಳು ಹೃದಯಕ್ಕಿಂತ 20 ಸೆಂಟಿಮೀಟರ್ ಮೇಲಿದ್ದರೆ 15 ಮಿ.ಮೀ. ಹೋಯಿತು. ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಸರಾಸರಿ ಒತ್ತಡ 70 ತೋರಿಸುತ್ತಿದ್ದರೆ ಮೆದುಳಿನ ಹತ್ತಿರ ಇರೋದು 55. ಬುರುಡೆಯೊಳಗಿನ ಒತ್ತಡವನ್ನೂ ಅದರಲ್ಲಿ ಕಳೆಯಬೇಕು. ಉಳಿದಷ್ಟೇ ಮೆದುಳಿಗೆ ರಕ್ತ ತಳ್ಳುವ ಬಲ. ಮಾನಿಟರ್ ಹೇಳುವುದು ಕಟ್ಟೆಯ ಮಟ್ಟ ಪುಟ್ಟಿ, ಕೊನೇ ಗದ್ದೆಯದ್ದಲ್ಲ.

ಅದಕ್ಕೇ ಆರ್ಟ್ ಲೈನಿನ, ಅಂದರೆ ಅಪಧಮನಿಯೊಳಗೆ ಹಾಕಿ ಬಿಪಿ ನೋಡುವ ಕೊಳವೆಯ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರನ್ನು ಮೆದುಳಿನ ಮಟ್ಟಕ್ಕೆ, ಅಂದರೆ ಕಿವಿಯ ತೂತಿನ ಮಟ್ಟಕ್ಕೆ ಕಟ್ಟಿ ಜೀರೋ ಮಾಡೋದು. ನಡುವೆ ಸರ್ಜನ್ "ಟೇಬಲ್ ಅಪ್" ಅನ್ನುತ್ತಾರೆ. ಟೇಬಲ್ ಮೇಲೆ ಹೋಗುತ್ತದೆ, ಸ್ಟ್ಯಾಂಡಿಗೆ ಕಟ್ಟಿದ ಟ್ರಾನ್ಸ್‌ಡ್ಯೂಸರ್ ಕೆಳಗೇ ಉಳಿಯುತ್ತದೆ. ತೆರೆಯ ಮೇಲೆ ಬಿಪಿ ಏರಿದ ಹಾಗೆ ಕಾಣುತ್ತದೆ. ನಿಜಕ್ಕೂ ಏರಿರುವುದಿಲ್ಲ. ಗೊತ್ತಿಲ್ಲದವರು ಬಿಪಿ ಇಳಿಸುವ ಔಷಧಿ ಕೊಟ್ಟುಬಿಟ್ಟರೆ ಮೆದುಳಿಗೆ ರಕ್ತ ಇನ್ನೂ ಕಮ್ಮಿ. ಟೇಬಲ್ ಅಲ್ಲಾಡಿದಾಗೆಲ್ಲ ನಿನ್ನ ಕೈ ಮೊದಲು ಅಲ್ಲಿಗೆ ಹೋಗಬೇಕು. ಯಾರೂ ಹೇಳದಿದ್ದರೂ.

ಕೂರಿಸಿ ಮಾಡುವ ಆಪರೇಷನ್ ನಿಮ್ಮಲ್ಲಿ ನಡೆದರೆ ತಪ್ಪಿಸಿಕೊಳ್ಳಬೇಡ, ನಿಂತು ನೋಡು. ಮೆದುಳಿನ ಹಿಂಭಾಗ ತಲುಪಲು ಕೆಲವೊಮ್ಮೆ ಹಾಗೆ ಮಾಡುತ್ತಾರೆ. ರಕ್ತ ಚೆನ್ನಾಗಿ ಬಸಿಯುತ್ತದೆ, ಸರ್ಜನ್‌ಗೆ ಕಾಣುವುದೂ ಸ್ಪಷ್ಟ. ಆದರೆ ತಲೆಯ ರಕ್ತನಾಳಗಳು ಹೃದಯಕ್ಕಿಂತ ತುಂಬ ಮೇಲಿರುತ್ತವೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿಯಾಗಬಹುದು. ಡ್ಯೂರಾದ ಪದರಗಳ ನಡುವಿನ ದೊಡ್ಡ ರಕ್ತನಾಳಗಳಾದ ಸೈನಸ್‌ಗಳು ಬೇರೆ ನಾಳಗಳ ಹಾಗೆ ಕುಸಿದು ಮುಚ್ಚಿಕೊಳ್ಳುವುದಿಲ್ಲ. ಒಂದು ಚಿಕ್ಕ ತೂತಾದರೆ ರಕ್ತ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ, ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ. ಎದೆಯ ಮೇಲಿಟ್ಟ, ರಕ್ತದ ಹರಿವು ಕೇಳಿಸುವ ಡಾಪ್ಲರ್ ಯಂತ್ರದ ಸದ್ದು ತಟ್ಟನೆ ಬದಲಾಗುತ್ತದೆ. ಉಸಿರಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸಂಖ್ಯೆ ಬೀಳುತ್ತದೆ. ಆಗ ಸರ್ಜನ್ ಗಾಯಕ್ಕೆ ಸಲೈನ್ ಸುರಿಯುತ್ತಾರೆ, ತಲೆ ಕೆಳಗೆ ಇಳಿಸುತ್ತಾರೆ, ಹೃದಯದ ಹತ್ತಿರದವರೆಗೆ ಹಾಕಿದ ಸೆಂಟ್ರಲ್ ಲೈನ್ ಕೊಳವೆಯಿಂದ ಗಾಳಿ ಎಳೆಯುತ್ತಾರೆ. ಕತ್ತಿನ ಜುಗುಲಾರನ್ನು ಬೇಕೆಂದೇ ಒತ್ತಿ ಹಿಡಿಯಲು ಹೇಳುವುದೂ ಉಂಟು. ಇಷ್ಟು ಹೊತ್ತು ಒತ್ತಬೇಡ ಎಂದು ಹೇಳಿದ ಅದೇ ನಾಳ! ಅಲ್ಲಿ ರಕ್ತ ತಡೆದರೆ ಮೇಲಿನ ತೂತಿನಿಂದ ರಕ್ತ ಹೊರಗೆ ಬಂದು, ಎಲ್ಲಿ ಬಿರಿದಿದೆ ಅಂತ ಕಾಣುತ್ತದೆ.

ಬೋರಲು ಮಲಗಿಸುವಾಗ ಹೊಟ್ಟೆ ತೂಗಾಡುವಂತಿರಲಿ, ಟೇಬಲ್‌ಗೆ ಒತ್ತಬಾರದು. ಕಣ್ಣಿನ ಮೇಲೆ ಏನೂ ಒತ್ತಬಾರದು. ತಲೆ ಅಲ್ಲಾಡದಂತೆ ಬುರುಡೆಗೆ ಪಿನ್ ಹಾಕುವಾಗ ಅರಿವಳಿಕೆಯಲ್ಲಿ ಮಲಗಿದವರ ಬಿಪಿಯೂ ಜೋರಾಗಿ ಏರುತ್ತದೆ, ಮೊದಲೇ ಡಾಕ್ಟರಿಗೆ "ಪಿನ್ ಹಾಕ್ತಿದ್ದಾರೆ" ಎಂದು ಹೇಳು. ಇವೆಲ್ಲ ನಿನಗೆ ನಿಧಾನಕ್ಕೆ ರೂಢಿಯಾಗುತ್ತವೆ.

ಮುಂದಿನ ಭಾನುವಾರ ರಜೆ ಇದೆ ಎಂದೆಯಲ್ಲ, ಮನೆಗೆ ಬಾ. ದಿಂಬು, ಟವೆಲ್ ಎಲ್ಲ ತೆಗೆದಿಟ್ಟಿರುತ್ತೇನೆ. ನಡುಮನೆಯಲ್ಲಿ ನಿನ್ನನ್ನೇ ಮಲಗಿಸಿ ಕತ್ತು ತಿರುಗಿಸುತ್ತೇನೆ. ಎಲ್ಲಿ ಹಿಡಿಯುತ್ತದೆ, ಭುಜದ ಕೆಳಗೆ ದಿಂಬು ಬಂದಾಗ ಎಲ್ಲಿ ಬಿಡುತ್ತದೆ ಅಂತ ನೀನೇ ಹೇಳುವಿಯಂತೆ. ನಿದ್ದೆಯಲ್ಲಿರುವ ಪೇಷೆಂಟಿಗೆ ಅದನ್ನು ಹೇಳೋಕೆ ಆಗುವುದಿಲ್ಲ.

ನಿನ್ನ ಅಮ್ಮ