ಬೋರ್ಡ್ ಹೋದರೆ ಮಿಷನ್ನೇ ಗುಜರಿಗೆ ಹಾಕಬೇಕೇ?

ಮಾನ್ಯ ಸಂಪಾದಕರೇ,

ನಮ್ಮ ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ದಿನಾ ಎರಡು ಮೂರು ಬೆಡ್‌ಶೀಟು ಒಗೆಯಲೇಬೇಕು. ತೀರ್ಥಹಳ್ಳಿಯ ಮಳೆಗಾಲದಲ್ಲಿ ವಾಷಿಂಗ್ ಮಿಷನ್ ಇಲ್ಲದೆ ಅದು ಆಗುವ ಮಾತಲ್ಲ. ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಕರೆಂಟು ನಾಲ್ಕೈದು ಸಲ ಹೋಗಿ ಬಂದು ಮಾಡಿತು. ಬೆಳಿಗ್ಗೆ ನೋಡಿದರೆ ಮಿಷನ್ನಿನಲ್ಲಿ ಒಂದು ಲೈಟೂ ಹತ್ತುತ್ತಿಲ್ಲ. ಒಳಗೆ ತುಂಬ ನೀರು, ನೀರಿನಲ್ಲಿ ಬಟ್ಟೆ. ಮಗ್ಗಿನಲ್ಲಿ ಮೊಗೆದು ಖಾಲಿ ಮಾಡಿದೆ.

ಕಂಪನಿಯ ಸರ್ವಿಸ್‌ನವರು ಶಿವಮೊಗ್ಗದಿಂದ ಬರಬೇಕು. ಐದನೇ ದಿನ ಬಂದ ಹುಡುಗ ಹತ್ತು ನಿಮಿಷ ನೋಡಿ, 'ಬೋರ್ಡ್ ಹೋಗಿದೆ ಮೇಡಂ, ಮೋಟಾರು, ಡ್ರಮ್ಮು ಎಲ್ಲ ಚೆನ್ನಾಗಿದೆ' ಎಂದ. ಬೋರ್ಡ್ ಎಂದರೆ ಮಿಷನ್ನನ್ನು ನಡೆಸುವ ಸರ್ಕ್ಯೂಟ್ ಬೋರ್ಡ್. ಅದಕ್ಕೆ 7,400 ರೂಪಾಯಿ. ಆಗಲಿ ಎಂದೆ. ಮೂರು ವಾರ ಕಾಯಿಸಿ ಫೋನ್ ಮಾಡಿದರು. ಆ ಮಾಡೆಲ್ಲಿನ ಬೋರ್ಡ್ ಬರುವುದು ನಿಂತಿದೆಯಂತೆ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಬೇಕಂತೆ. ನಾವು ಆ ಮಿಷನ್ ಕೊಂಡು ಆರೇ ವರ್ಷ! ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಬೋರ್ಡ್ ಬದಲಿಸುವುದನ್ನಷ್ಟೇ ಅವನಿಗೆ ಕಲಿಸಿದ್ದಾರೆ.

ನಮ್ಮ ಪೇಟೆಯಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರು ಬಂದು ಮೊದಲು ಪ್ಲಗ್ ಕಿತ್ತರು. ವೈರುಗಳ ಫೋಟೊ ಹೊಡೆದುಕೊಂಡು ಒಂದೊಂದೇ ಕನೆಕ್ಟರ್ ಬಿಚ್ಚಿದರು. ಇಡೀ ಬೋರ್ಡ್ ಅಂಟಿನಂಥ ರೆಸಿನ್ನಿನಲ್ಲಿ ಮುಳುಗಿತ್ತು. ತೇವ ತಾಗದಿರಲಿ ಎಂದು ಹಾಗೆ ಹೊಯ್ಯುತ್ತಾರಂತೆ. ಮಲೆನಾಡಿನ ಥಂಡಿಗೆ ಅದು ಬೇಕು, ಒಪ್ಪುತ್ತೇನೆ. ಆದರೆ ಸುಟ್ಟದ್ದು ಯಾವುದು ಎಂದು ನೋಡಲೂ ಬಿಡುವುದಿಲ್ಲ. ಅವರು ಬಿಸಿಗಾಳಿ ಹಾಯಿಸಿ ಎರಡು ಸಂಜೆ ಕೂತು ಕೆರೆದರು. ಕರೆಂಟು ಒಳಗೆ ಬರುವ ಮೂಲೆಯಲ್ಲಿ ಎಂಓವಿ ಎಂಬ ಬಿಲ್ಲೆಯಂಥ ಸಾಮಾನು ಒಡೆದು ಕಪ್ಪಾಗಿತ್ತು. ವೋಲ್ಟೇಜ್ ಏರಿದಾಗ ಉಳಿದದ್ದನ್ನು ಕಾಯುವುದು ಅದರ ಕೆಲಸ. ಪಕ್ಕದಲ್ಲಿ, ಬೋರ್ಡಿಗೆ ಬೇಕಾದಷ್ಟೇ ಕರೆಂಟು ಒದಗಿಸುವ ಪವರ್ ಸಪ್ಲೈ ಐಸಿ ಎಂಬ ಚಿಪ್ಪೂ ಹೋಗಿತ್ತು. ಎರಡೂ ಸೇರಿ 200 ರೂಪಾಯಿಯೂ ಆಗಲಿಲ್ಲ. ಆದರೆ ಕೆರೆಯುವಾಗ ಬೋರ್ಡಿನ ಮೇಲೆ ಕರೆಂಟು ಹರಿಯುವ ತಾಮ್ರದ ಗೆರೆಗಳೂ ಎದ್ದು ಬಂದಿದ್ದವು. ಹತ್ತು ದಿನ ಓಡಿ ಮಿಷನ್ ಮತ್ತೆ ನಿಂತಿತು.

ಕೊನೆಗೆ ಮಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು, ಗುಜರಿಗೆ ಬಂದ ಮಿಷನ್ನಿನಿಂದ ತೆಗೆದ ಬೋರ್ಡ್ ತಂದಳು. ನೋಡಲು ಒಂದೇ ಥರ ಇದ್ದರೆ ಸಾಲದು, ಸ್ಟಿಕ್ಕರ್ ಮೇಲಿನ ಪಾರ್ಟ್ ನಂಬರೂ ತಾಳೆಯಾಗಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಹೊಂದದೆ ಮಿಷನ್ ಓಡದೇ ಇರಬಹುದು. 2,200 ರೂಪಾಯಿ ಆಯಿತು. ಏಳು ತಿಂಗಳಿಂದ ದಿನಾ ಓಡುತ್ತಿದೆ.

ಹಾಗಾದರೆ ಆ ಮಿಷನ್ನಿಗೆ ಇನ್ನೂ ಆಯಸ್ಸಿತ್ತು ಅಲ್ವಾ? ಬೆಂಗಳೂರಿನಲ್ಲಿ ಮಗಳಿಲ್ಲದವರು ಏನು ಮಾಡಬೇಕು?

ಯುರೋಪಿನ ಒಕ್ಕೂಟದ ದೇಶಗಳಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮವಿದೆ. ವಾಷಿಂಗ್ ಮಿಷನ್ನಿನ ಒಂದು ಮಾಡೆಲ್ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ 10 ವರ್ಷ ಅದರ ಮುಖ್ಯ ಬಿಡಿಭಾಗಗಳು ರಿಪೇರಿಯವರಿಗೆ ಸಿಗಬೇಕು. ಸರ್ಕ್ಯೂಟ್ ಬೋರ್ಡ್ ಕೂಡ ಆ ಪಟ್ಟಿಯಲ್ಲಿದೆ. ಕೇಳಿದ 15 ಕೆಲಸದ ದಿನಗಳೊಳಗೆ ಕಳಿಸಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ 'ರೈಟ್ ಟು ರಿಪೇರ್', ಅಂದರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಅದಕ್ಕೆಂದೇ ಒಂದು ವೆಬ್ ಪೋರ್ಟಲ್ಲನ್ನೂ ತೆರೆಯಿತು. ಒಳ್ಳೆಯ ಕೆಲಸ. ಆದರೆ ಪೋರ್ಟಲ್ಲಿನಿಂದ ನನ್ನ ಬೋರ್ಡ್ ಬರಲಿಲ್ಲ.

ಬೋರ್ಡ್ ಎಷ್ಟು ವರ್ಷ ಸಿಗುತ್ತದೆ ಎಂದು ಮಿಷನ್ನಿನ ಡಬ್ಬದ ಮೇಲೇ ಬರೆಯಬೇಕೆಂಬ ಕಾನೂನು ಬರಲಿ. ಪೇಟೆಯ ರಿಪೇರಿಯವರಿಗೂ ಕಂಪನಿ ಅದನ್ನು ಮಾರಲಿ. ಜಾಸ್ತಿ ಸುಡುವುದು ಪವರ್ ಸಪ್ಲೈ ಭಾಗವೇ ಎಂದು ನಮ್ಮ ರಿಪೇರಿಯವರು ಹೇಳುತ್ತಾರೆ. ಅದನ್ನಾದರೂ ರೆಸಿನ್ನಿನಿಂದ ಹೊರಗೆ, ಬೇರೆಯಾಗಿ ಬದಲಿಸುವ ಹಾಗೆ ಮಾಡಲಿ. ಇಷ್ಟನ್ನು ಇಲಾಖೆಗೂ ಬರೆದು ಬಿಲ್ಲುಗಳ ಪ್ರತಿ ಕಳಿಸಿದ್ದೇನೆ. ಇಂಥದ್ದೇ ಅನುಭವವಾದ ಓದುಗರು ದಯವಿಟ್ಟು ತಾವೂ ಬರೆಯಿರಿ.

ಓದುಗಿ, ತೀರ್ಥಹಳ್ಳಿ