ಅದು ಡ್ರೋನ್ ಅಲ್ಲ, ನನ್ನ ಕ್ಯಾಮೆಲ್

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಕಾಫಿ ತೋಟದಲ್ಲಿ ನಿಗೂಢ ಡ್ರೋನ್: ಒಳಗೆ ಬೊಂಬೆ ಪತ್ತೆ’ ಎಂಬ ಸುದ್ದಿ ಬಂದಿತ್ತು. ಅದರಲ್ಲಿ ನಿಗೂಢ ಏನೂ ಇಲ್ಲ, ಅದು ನನ್ನದು. ಡ್ರೋನೂ ಅಲ್ಲ, ‘ಕ್ಯಾಮೆಲ್’ ಎಂಬ ಹಳೇ ಯುದ್ಧವಿಮಾನದ, ರಿಮೋಟಿನಿಂದ ಹಾರಿಸುವ ಮಾಡೆಲ್. ಬೊಂಬೆಗೂ ಒಂದು ಹೆಸರಿದೆ, ಆಮೇಲೆ ಹೇಳುತ್ತೇನೆ.

ವಾಯುಪಡೆಯಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಒಡಲು, ರೆಕ್ಕೆ ರಿಪೇರಿ ಮಾಡುವವ) ಆಗಿದ್ದು, ಈಗ ಕೊಡಗಿನ ಅಮ್ಮತ್ತಿ ಕಡೆ ನಾಲ್ಕು ಎಕರೆ ರೋಬಸ್ಟಾ ಕಾಫಿ ನೋಡಿಕೊಂಡಿರುವವನು ನಾನು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟಕ್ಕೆ ಇಳಿಯುವ ಹಾಗಿರುವುದಿಲ್ಲ, ಮನೆಯಲ್ಲಿ ಕರೆಂಟೂ ಇರುವುದಿಲ್ಲ. ಅಂಥ ದಿನಗಳಲ್ಲಿ ಬಾಲ್ಸಾ ಮರದ ತೆಳು ಹಲಗೆ ಕೊಯ್ದು, ಅಂಟಿಸಿ ಕಟ್ಟಿದ್ದು ಇದು. ತೇವಕ್ಕೆ ಬಾಲ್ಸಾ ಸೊಟ್ಟಗಾಗುತ್ತದೆ. ಹಾಗಾಗಿ ರೆಕ್ಕೆಗಳು ಮಳೆಗಾಲವಿಡೀ ಒಲೆಯ ಮೇಲಿನ ಅಟ್ಟದಲ್ಲಿ ಕರಿಮೆಣಸಿನ ಚೀಲದ ಪಕ್ಕ ಬೆಚ್ಚಗೆ ಕೂತಿದ್ದವು. ಹೆಂಡತಿ ಏನೆಂದಳು ಎಂಬುದು ಪತ್ರಿಕೆಯಲ್ಲಿ ಅಚ್ಚಾಗುವ ಮಾತಲ್ಲ.

ಮೊದಲ ಮಹಾಯುದ್ಧದ ಬ್ರಿಟಿಷ್ ಫೈಟರ್ ‘ಸಾಪ್‌ವಿತ್ ಕ್ಯಾಮೆಲ್’ ಇದರ ಅಸಲು. ಮೇಲೊಂದು ಕೆಳಗೊಂದು ರೆಕ್ಕೆ, ತುದಿಯಿಂದ ತುದಿಗೆ 28 ಅಡಿ. ನನ್ನದು ಅದರ ಆರರಲ್ಲೊಂದು ಪಾಲು, 56 ಇಂಚು. ಮೂತಿಯ ಮೇಲಿನ ಎರಡು ವಿಕರ್ಸ್ ಮೆಷಿನ್‌ಗನ್‌ಗಳ ಹಿಂಭಾಗ ಮುಚ್ಚಲು ಹಾಕಿದ ತಗಡು ಒಂಟೆಯ ಡುಬ್ಬದ ಹಾಗೆ ಕಂಡಿದ್ದರಿಂದ ಈ ಹೆಸರು. 1917ರ ಮಧ್ಯದಲ್ಲಿ ಯುದ್ಧಕ್ಕೆ ಬಂತು. ಸುಮಾರು 5,500 ತಯಾರಾದವು.

ಇದರ ಎಂಜಿನ್ ಬಗ್ಗೆ ಹೇಳದೆ ಇರಲು ನನ್ನಿಂದಾಗದು. ಸಾಮಾನ್ಯವಾಗಿ ಎಂಜಿನ್ ನಿಂತಲ್ಲೇ ಇರುತ್ತದೆ, ಪ್ರೊಪೆಲ್ಲರ್ ಸುತ್ತುತ್ತದೆ. ಕ್ಯಾಮೆಲ್‌ನ ರೋಟರಿ ಎಂಜಿನ್‌ನಲ್ಲಿ ಒಂಬತ್ತು ಸಿಲಿಂಡರೂ ಪ್ರೊಪೆಲ್ಲರ್ ಜೊತೆಗೇ ಗಿರಗಿರ ಸುತ್ತುತ್ತವೆ. ಮೂತಿಯಲ್ಲಿ ಅಷ್ಟು ದೊಡ್ಡ ಬುಗುರಿ ಕಟ್ಟಿಕೊಂಡರೆ ವಿಮಾನ ಹೇಳಿದ ಮಾತು ಕೇಳುವುದುಂಟೇ? ಬಲಕ್ಕೆ ತಿರುಗಿಸಿದರೆ ಮೂತಿ ತಗ್ಗಿಸಿ ಚಕ್ಕನೆ ತಿರುಗುತ್ತಿತ್ತು, ಎಡಕ್ಕಾದರೆ ಮೂತಿ ಎತ್ತಿ ಮೊಂಡು ಹಿಡಿಯುತ್ತಿತ್ತು. ಪಳಗಿದವನ ಕೈಯಲ್ಲಿ ಅದೇ ದೊಡ್ಡ ಅಸ್ತ್ರ. ಕಲಿಯುವ ಹುಡುಗರಲ್ಲಿ ಮಾತ್ರ ಎಷ್ಟೋ ಮಂದಿ ಶತ್ರುವಿನ ಮುಖ ನೋಡುವ ಮೊದಲೇ ಬಿದ್ದು ಸತ್ತರು. ಇನ್ನು ಆ ಎಂಜಿನ್ ಸವೆಯದಂತೆ ಅದಕ್ಕೆ ಹಾಕುತ್ತಿದ್ದುದು ಹರಳೆಣ್ಣೆ. ಉರಿಯದೆ ಉಳಿದದ್ದು ಹಿಂದಕ್ಕೆ ಚಿಮ್ಮಿ ಪೈಲಟ್‌ನ ಮುಖಕ್ಕೆ ಬರುತ್ತಿತ್ತು, ಹೊಟ್ಟೆಗೂ ಹೋಗುತ್ತಿತ್ತು. ನಮ್ಮಜ್ಜಿ ಹರಳೆಣ್ಣೆ ಕುಡಿಸಿದ ದಿನ ನಮಗೆ ಏನಾಗುತ್ತಿತ್ತೋ ಅವರಿಗೂ ಅದೇ.

ನನ್ನದರಲ್ಲಿ ಎಣ್ಣೆ ಇಲ್ಲ, ಬ್ಯಾಟರಿ ಮೋಟಾರು. ಆದರೆ ಮೂತಿ ಗಿಡ್ಡ. ಅಸಲಿಯಲ್ಲಿ ಭಾರದ ಎಂಜಿನ್ ಅಲ್ಲಿ ಕೂತು ತೂಕ ಸರಿದೂಗಿಸುತ್ತಿತ್ತು. ನನ್ನ ಮೋಟಾರು ಹಗುರ, ಹಾಗಾಗಿ ಬಾಲ ಜಗ್ಗುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡು 350 ಗ್ರಾಂ ತಂದು ಮೂತಿಯೊಳಗೆ ತುಂಬಿದ ಮೇಲೆ ಹದಕ್ಕೆ ಬಂತು. ಎರಡು ರೆಕ್ಕೆ, ನಡುವೆ ಕಂಬ, ತಂತಿ ಎಲ್ಲವೂ ಗಾಳಿಗೆ ಅಡ್ಡವೇ. ಮೋಟಾರು ನಿಂತರೆ ಒಂದು ರೆಕ್ಕೆಯ ಮಾಡೆಲ್‌ನಂತೆ ತೇಲಿ ಬರುವುದಿಲ್ಲ, ಕಲ್ಲು ಬಿದ್ದ ಹಾಗೆ ಇಳಿಯುತ್ತದೆ.

ಆ ಭಾನುವಾರ ಆದದ್ದೂ ಅದೇ. ಪುತ್ತರಿ ಸುಗ್ಗಿ ಹಬ್ಬ ಕಳೆದು ಕೊಯ್ಲಾದ ಗದ್ದೆಯಲ್ಲಿ ಹಾರಿಸುತ್ತಿದ್ದೆ. ಹಳೇ ಬ್ಯಾಟರಿ ಇನ್ನೊಂದು ಸುತ್ತಿಗೆ ಬರುತ್ತದೆ ಎಂದುಕೊಂಡದ್ದು ನನ್ನದೇ ತಪ್ಪು. ತೋಟದ ಸಿಲ್ವರ್ ಓಕ್ ಮರಗಳ ಆಚೆ ಹೋಗುತ್ತಿದ್ದಂತೆ ಸದ್ದು ನಿಂತಿತು. ಕತ್ತಲಾಗುವವರೆಗೆ ಹುಡುಕಿದೆ, ಆನೆ ಇದೆ ಎಂದು ಯಾರೋ ಕೂಗಿದ ಮೇಲೆ ಮನೆಗೆ ಬಂದೆ. ಮಾರನೇ ದಿನ ಪಕ್ಕದ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದವರಿಗೆ ಸಿಕ್ಕಿದೆ. ಗಿಡದಿಂದ ಬಿಡಿಸಲು ರೆಕ್ಕೆಯ ತಂತಿಗಳನ್ನು ಕತ್ತಿಯಿಂದ ಕುಯ್ದುಬಿಟ್ಟಿದ್ದಾರೆ. ಪಾಪ, ಅವರಿಗೇನು ಗೊತ್ತು? ಆದರೆ ಇಂಥ ಜೋಡಿ ರೆಕ್ಕೆಯ ಬೈಪ್ಲೇನಿನ ಜೀವ ಇರುವುದೇ ಆ ತಂತಿಗಳಲ್ಲಿ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಒಂದು ಜೊತೆ, ನೆಲದ ಮೇಲೆ ಕೆಳಕ್ಕೆ ಜೋಲದಂತೆ ಇನ್ನೊಂದು ಜೊತೆ. ಸಂಜೆ ಪಕ್ಕದ ಮನೆ ಹುಡುಗ ಬಂದು, “ಮಾವ, ನಿಮ್ಮ ಡ್ರೋನ್ ಠಾಣೆಯಲ್ಲಿ ಕೂತಿದೆ” ಎಂದ. ಠಾಣೆಯವರು ಮರ್ಯಾದೆಯಿಂದಲೇ ಮಾತಾಡಿಸಿದರು, ಕ್ಯಾಮೆರಾ ಎಲ್ಲಿ ಎಂದು ಮಾತ್ರ ಮೂರು ಸಲ ಕೇಳಿದರು.

ಕಾನೂನಿನ ಮಾತು ಮುಚ್ಚಿಡುವುದಿಲ್ಲ. 2021ರ ಡ್ರೋನ್ ನಿಯಮಗಳೊಳಗೇ ಇಂಥ ಮಾಡೆಲ್‌ಗಳೂ ಬರುತ್ತವೆ. ಆದರೆ 25 ಕೆ.ಜಿ. ಮೀರದ, ಹವ್ಯಾಸಕ್ಕೋ ಕಲಿಕೆಗೋ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್ ಎಂದು ಅಲ್ಲೇ ಬೇರೆ ವ್ಯಾಖ್ಯೆ ಇದೆ. ಡ್ರೋನಿನ ರಿಮೋಟಿನ ಕಡ್ಡಿಯಿಂದ ಕೈ ತೆಗೆದರೆ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ, ಒಳಗಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನನ್ನ ಕ್ಯಾಮೆಲ್‌ನಲ್ಲಿ ಹಾಗೆ ಮಾಡಿದರೆ ಮುಂದಿನದು ಗದ್ದೆ ಕೆಸರು.

ಇನ್ನು ಆ ‘ಬೊಂಬೆ’. ತಮ್ಮ ವರದಿಗಾರರು ‘ದೊಡ್ಡ ತಲೆಯ ವಿಚಿತ್ರ ಬೊಂಬೆ’ ಎಂದು ಬರೆದಿದ್ದಾರೆ. ತಲೆ ದೊಡ್ಡದಾಗಿರುವುದು ಪೇಟದ ಮೇಲೆ ಹೆಲ್ಮೆಟ್ ಹಾಕಿರುವುದರಿಂದ. ಅವರು ಹರ್ದಿತ್ ಸಿಂಗ್ ಮಲಿಕ್. 1894ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದ 28ನೇ ಸ್ಕ್ವಾಡ್ರನ್‌ನಲ್ಲಿ ಇದೇ ಕ್ಯಾಮೆಲ್ ಹಾರಿಸಿದವರು. ಪೇಟ ತೆಗೆಯಲು ಒಪ್ಪದೆ, ಅದರ ಮೇಲೆ ಕೂರುವಷ್ಟು ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡಿದ್ದರು. 1917ರ ಅಕ್ಟೋಬರ್ 26ರಂದು ಜರ್ಮನ್ನರ ನಡುವೆ ಸಿಕ್ಕಿ, ಕಾಲಿಗೆ ಗುಂಡು ಹೊಕ್ಕಿದ್ದರೂ ತಮ್ಮವರ ಸಾಲಿನ ಈಚೆಗೆ ತಂದು ಇಳಿಸಿದರು. ವಿಮಾನದಲ್ಲಿ 400ಕ್ಕೂ ಹೆಚ್ಚು ತೂತುಗಳಿದ್ದವು. ಗುಂಡಿಗೆ ಬಗ್ಗದವರನ್ನು ಕೊನೆಗೆ ಕ್ಯಾಮೆಲ್‌ನಿಂದ ಇಳಿಸಿದ್ದು ಮೈಗೆ ಒಗ್ಗದ ಹರಳೆಣ್ಣೆ! ಸ್ವಾತಂತ್ರ್ಯದ ನಂತರ ಅವರು ಫ್ರಾನ್ಸ್‌ನಲ್ಲಿ ನಮ್ಮ ರಾಯಭಾರಿಯಾಗಿದ್ದರು.

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ದಾಟದ ಮಕ್ಕಳಿಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ಬಳಿ ಅವರು ಶತ್ರು ವಿಮಾನ ಉರುಳಿಸಿ ಪ್ರಾಣ ಕೊಟ್ಟದ್ದೂ ನಮ್ಮವರಿಗೆ ಬಾಯಿಪಾಠ. ಅದಕ್ಕೆ 48 ವರ್ಷ ಮೊದಲೇ ಹೀಗೊಬ್ಬರು ಇದ್ದರೆಂದು ಆ ಮಕ್ಕಳಿಗೆ ಹೇಳಲು ನಾನು ಈ ತಲೆಯನ್ನು ಕೆತ್ತಿ, ಬಣ್ಣ ಹಚ್ಚಿ ಕೂರಿಸಿದ್ದೆ. ಅದು ‘ವಿಚಿತ್ರ ಬೊಂಬೆ’ಯಾಗಿ ಅಚ್ಚಾದದ್ದು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದ್ದರಿಂದ ತಾವು ಮೂರು ಸಾಲಿನ ತಿದ್ದುಪಡಿ ಹಾಕಿದರೆ ಸಾಕು. ಡ್ರೋನ್ ಎಂಬುದು ಉಳಿದರೂ ಚಿಂತೆಯಿಲ್ಲ, ಮಲಿಕ್ ಅವರ ಹೆಸರು ಬರಲಿ. ಕೆಳಗಿನ ರೆಕ್ಕೆ ಹೊಸದಾಗಿ ಕಟ್ಟುತ್ತಿದ್ದೇನೆ, ತಂತಿ ಬಿಗಿಯುವುದು ಬಾಕಿ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಒಂದು ಭಾನುವಾರ ಬೆಳಗ್ಗೆ ಅದೇ ಗದ್ದೆಯಲ್ಲಿ ಹಾರಿಸುತ್ತೇನೆ. ತಮ್ಮ ವರದಿಗಾರರೂ ಬರಲಿ. ಕ್ಯಾಮೆರಾ ಅವರೇ ತರಬೇಕು, ನನ್ನ ವಿಮಾನದಲ್ಲಿ ಇಲ್ಲ.

– ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ಅಮ್ಮತ್ತಿ ಹೋಬಳಿ, ವಿರಾಜಪೇಟೆ ತಾಲ್ಲೂಕು