ಉಳಿಯ ಹಿಮ್ಮಡಿಯ ವಿಚಾರವಾಗಿ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಶುಭಾಶೀರ್ವಾದಗಳು.

ನೀನು ಹೆಸರು ಕೆತ್ತಿ ಕಳುಹಿಸಿದ ಬೆಳ್ಳಿಯ ತಗಡನ್ನು ಭೂತಗನ್ನಡಿ ಹಿಡಿದು ನೋಡಿದೆ. ನೇರ ಗೆರೆಗಳು ಚೊಕ್ಕವಾಗಿವೆ. ಆದರೆ ‘ಠ’, ‘ರ’ ಅಕ್ಷರಗಳ ತಿರುವಿನಲ್ಲಿ ಗೆರೆಯ ಹೊರ ಅಂಚು ಉಜ್ಜಿದಂತೆ ಮಸುಕಾಗಿದೆ. ಕೈ ನಡುಗಿತೆಂದು ಬರೆದಿದ್ದೀಯೆ. ಕೈಯನ್ನು ದೂರಬೇಡ, ಉಳಿಯ ಹಿಮ್ಮಡಿಯನ್ನು ನೋಡು.

ಮೊನೆಯ ಅಡಿಯಲ್ಲಿ ಎರಡೂ ಮಗ್ಗುಲಿಗೆ ಸಾಣೆ ಹಿಡಿದು ತೆಗೆಯುವ ಆ ಪುಟ್ಟ ಇಳಿಜಾರೇ ಹಿಮ್ಮಡಿ. ಅದು 15ರಿಂದ 20 ಡಿಗ್ರಿಯಷ್ಟಿದ್ದರೆ, ಉಳಿಯ ಹಿಡಿ ತಗಡಿಗೆ ತಾಗದೆ ಮೇಲೆದ್ದು ಕೈಯಾಡಲು ಜಾಗ ಸಿಗುತ್ತದೆ. ಕೋನದಷ್ಟೇ ಅದರ ಉದ್ದವೂ ಮುಖ್ಯ. ಉದ್ದನೆಯ ಹಿಮ್ಮಡಿ ನೇರ ಗೆರೆಯಲ್ಲಿ ತೊಂದರೆ ಕೊಡದೆ ಸಾಗುತ್ತದೆ. ತಿರುವು ಬಂದೊಡನೆ ಅದರ ಹಿಂತುದಿ ಹೊರಕ್ಕೆ ಸರಿದು, ಮೊನೆ ಆಗತಾನೆ ಕೊರೆದ ಅಂಚನ್ನೇ ಉಜ್ಜಿಬಿಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚಾದ್ದರಿಂದ ಈ ದೋಷ ಎಷ್ಟೋ ಬಾರಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಲಿಪಿಯೋ ಒತ್ತಕ್ಷರದವರೆಗೂ ದುಂಡು. ಕನ್ನಡದ ಹೆಸರು ಕೆತ್ತುವ ಉಳಿಗೆ ಅರ್ಧ ಮಿಲಿಮೀಟರಿಗಿಂತಲೂ ಗಿಡ್ಡನೆಯ ಹಿಮ್ಮಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಮುಖವನ್ನು, ಎಂದರೆ ಉಳಿಯ ತುದಿಯ ಓರೆ ಮೈಯನ್ನು, 45 ಡಿಗ್ರಿಗೆ ತೆಗೆ. ಸ್ಟೀಲಿನಂಥ ಗಟ್ಟಿ ಲೋಹಕ್ಕಾದರೆ 50 ಇರಲಿ, ಮೊನೆ ಬೇಗ ಮುರಿಯುವುದಿಲ್ಲ. ಬಳಿಕ ಹಿಮ್ಮಡಿಯ ಎರಡು ಮಗ್ಗುಲನ್ನೂ ಒಂದೇ ಒತ್ತಡದಲ್ಲಿ, ಎಣಿಸಿಕೊಂಡು ಅಷ್ಟಷ್ಟೇ ಸಲ ಮಸೆಯಬೇಕು; ಒಂದು ಮಗ್ಗುಲು ಹೆಚ್ಚಾದರೂ ಗೆರೆ ಒಂದು ಕಡೆಗೆ ವಾಲುತ್ತದೆ. ಬರಿಗೈಯಲ್ಲಿ ಈ ಕೋನ ಕೂರಿಸುವುದಕ್ಕೆ ವರ್ಷಗಳ ಅಭ್ಯಾಸ ಬೇಕಾದ್ದರಿಂದ, ಕೋನ ಹಿಡಿದು ನಿಲ್ಲಿಸುವ ಸಾಧನವನ್ನು ಕೊಂಡುಕೊಳ್ಳಲು ಸಂಕೋಚಪಡಬೇಡ. ಮೊನೆಯ ಎರಡು ಮಗ್ಗುಲು ಕೂಡುವ ಕೋನವನ್ನೂ ಕೆಲಸ ನೋಡಿ ಆರಿಸಿಕೊ: 90 ಡಿಗ್ರಿಯ ಮೊನೆ 0.1 ಮಿಲಿಮೀಟರು ಆಳಕ್ಕೆ ಇಳಿದಾಗ ಗೆರೆಯ ಅಗಲ 0.2 ಆದರೆ, 120 ಡಿಗ್ರಿಯದು ಅಷ್ಟೇ ಆಳಕ್ಕೆ ಸುಮಾರು 0.35 ಅಗಲ ಕೊಡುತ್ತದೆ. ಎಳೆಯಿಂದ ದಪ್ಪಕ್ಕೆ ಅರಳುವ ಅಕ್ಷರಕ್ಕೆ ಎರಡನೆಯದೇ ಒಳ್ಳೆಯದು.

ಯಂತ್ರದ ಸಾಣೆಯಲ್ಲಿ ಕಾರ್ಬನ್ ಉಕ್ಕಿನ ಉಳಿಯನ್ನು ಒತ್ತಿ ಹಿಡಿಯಬೇಡ. ತುದಿ ನೀಲಿಗೆ ತಿರುಗಿತೆಂದರೆ ಹದ ಹೋಯಿತು, ಅಷ್ಟು ಭಾಗವನ್ನು ಮಸೆದು ತೆಗೆಯದೆ ಬೇರೆ ದಾರಿಯಿಲ್ಲ. ಕೊನೆಗೆ ಸೆರಾಮಿಕ್ ತಟ್ಟೆಯ ಮೇಲೆ ವಜ್ರದ ನುಣ್ಣನೆಯ ಪೇಸ್ಟ್ ಸವರಿ ಹಿಮ್ಮಡಿಗೆ ಹೊಳಪು ಕೊಡು; ಆ ಹೊಳಪೇ ಬೆಳ್ಳಿಯ ಗೆರೆಯ ಗೋಡೆಗೆ ಇಳಿಯುತ್ತದೆ.

ಮೊನೆಯನ್ನು ಹೆಬ್ಬೆರಳಿನ ಉಗುರಿಗೆ ಮೆಲ್ಲಗೆ ತಾಗಿಸು: ಕಚ್ಚಿಕೊಂಡರೆ ಹರಿತ, ಜಾರಿದರೆ ಮೊಂಡು. ದೀಪದ ಬೆಳಕಿಗೆ ತುದಿಯಲ್ಲಿ ಬಿಳಿಯ ಚುಕ್ಕೆ ಮಿನುಗಿದರೆ ಮೊನೆ ಮುರಿದಿದೆಯೆಂದೇ ಅರ್ಥ. ನಾಮಕರಣಕ್ಕೆಂದು ಬಂದ ಬೆಳ್ಳಿ ಲೋಟವೊಂದಕ್ಕೆ ನಾನು ಅವಸರದಲ್ಲಿ ಇದನ್ನು ನೋಡದೆ ಉಳಿಯಿಟ್ಟೆ. ಮೂರನೆಯ ಅಕ್ಷರದಲ್ಲಿ ಉಳಿ ಜಾರಿ, ಲೋಟದ ಅಂಚಿನವರೆಗೆ ಗೀರೆಳೆದು, ನನ್ನ ಎಡಗೈ ಹೆಬ್ಬೆರಳಿಗೆ ನಾಟಿತು. ರಾತ್ರಿಯೆಲ್ಲ ಕುಳಿತು ಆ ಗೀರನ್ನು ಉಜ್ಜಿ ತೆಗೆದು, ಹೆಸರನ್ನು ಮೊದಲಿನಿಂದ ಕೆತ್ತಿದೆ. ಬೆರಳಿನ ಕಲೆ ಇಂದಿಗೂ ಉಳಿದಿದೆ.

ಹಿಮ್ಮಡಿಯನ್ನು ಗಿಡ್ಡ ಮಾಡಿಕೊಂಡು ತಾಮ್ರದ ತಗಡಿನ ಮೇಲೆ ಹತ್ತು ‘ಠ’ ಕೆತ್ತಿ ಕಳುಹಿಸು. ಉಜ್ಜಬೇಡ, ಹೊಳಪು ಹಾಕಬೇಡ. ಉಳಿ ಬಿಟ್ಟಂತೆಯೇ ಇರಲಿ.

ಇತಿ,
ನಿನ್ನ ಸೋದರಮಾವ